ಮೇಷ್ಟ್ರು ಮಲಗಿಸಿದ ಮೋಡ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಕಣ್ಣು ಕಾಣದವರಿಗೆ ಫೋಟೊಗಳನ್ನು ಬಣ್ಣಿಸಿ ಹೇಳುವ ಸ್ವಯಂಸೇವಕರ ಗ್ರೂಪೊಂದಕ್ಕೆ ಅಕ್ಕ ಅಡ್ಮಿನ್. ಕೇಳಬಾರದು ಎಂದುಕೊಂಡೇ ಕೇಳಿಸಿಕೊಂಡೆ.

“ಗ್ರೂಪಿನಿಂದ ಮೇಷ್ಟ್ರನ್ನೇ ಹೊರಗೆ ಹಾಕಿದ್ಯಾ?” ಎಂದಳು ತಂಗಿ.

“ಏಳು ದಿನ. ಫೋಟೊ ತಪ್ಪಾಗಿ ಬಣ್ಣಿಸಿದ್ಳು ಅಂತ ಹೊಸ ಹುಡುಗಿಗೆ ‘ನಿನಗೇನು ಕಣ್ಣಿಲ್ವಾ’ ಅಂತ ರೇಗಿದ್ರು. ಅದೂ ನಮ್ಮ ಗ್ರೂಪಲ್ಲಿ!”

“ಮತ್ಯಾಕೆ ನಿನ್ನ ಮುಖ ಸಪ್ಪಗಿದೆ?”

“ಹೊರಗೆ ಹಾಕಿದವರೇ ಅವರ ಕೆಲಸಾನೂ ಮಾಡ್ಬೇಕು, ಅದು ನಮ್ಮ ನಿಯಮ. ಒಬ್ಬರು ಅಜ್ಜಿ ದಿನಾ ಬೆಳಗ್ಗೆ ಕಿಟಕಿಗೆ ಫೋನ್ ಹಿಡಿದು ಫೋಟೊ ಕಳಿಸ್ತಾರೆ. ಆಕಾಶ ಹೇಗಿದೆ ಅಂತ ಮೇಷ್ಟ್ರು ಹೇಳ್ತಿದ್ರು.”

“ನೀನೇನು ಹೇಳ್ದೆ?”

“ನೀಲಿ ಅಂದೆ. ‘ಯಾವ ನೀಲಿ? ನಿನ್ನೆ ಮೇಷ್ಟ್ರು ಗುಡ್ಡದ ಮೇಲೆ ಮಲಗಿಸಿದ್ದ ಮೋಡ ಎದ್ದಿದ್ಯಾ?’ ಅಂತ ಕೇಳ್ತಿದ್ದಾರೆ.”

“ಅಯ್ಯೋ, ಅವರನ್ನ ವಾಪಸ್ ಸೇರಿಸ್ಕೊಂಡ್ಬಿಡೇ.”

“ಆ ಹುಡುಗಿ ಅತ್ತಿದ್ದಾಳೆ ಕಣೇ. ಏಳು ಅಂದ್ರೆ ಏಳೇ.”

ಒಳಗಿನಿಂದ ಕರೆ ಬಂತು. ತಂಗಿ ಕೆನ್ನೆ ಹಿಡಿದುಕೊಂಡು ಎದ್ದಳು. ಅಕ್ಕ ಫೋಟೊವನ್ನೇ ದಿಟ್ಟಿಸುತ್ತ ಹಿಂದೆ ಹೊರಟಳು. ಬಾಗಿಲು ಮುಚ್ಚುವ ಮುನ್ನ ಫೋನನ್ನು ತುಟಿಯ ಹತ್ತಿರ ತಂದು ಮೆಲ್ಲಗೆ ಹೇಳಿದಳು:

“ಎದ್ದಿಲ್ಲ ಅಜ್ಜೀ, ಮಗ್ಗುಲು ಬದಲಾಯಿಸಿದೆ ಅಷ್ಟೇ. ಮೇಷ್ಟ್ರು ಬರೋ ತನಕ ನಾನೂ ಎಬ್ಬಿಸಲ್ಲ.”