ಹರಿಗೋಲು ನಡೆಸುವವರ ರಕ್ತ

ನಿಶ್ಚಿತಾರ್ಥದ ತಟ್ಟೆಯನ್ನು ಶ್ರೀಮಂತ ಬೆರಳ ತುದಿಯಿಂದ ಆಚೆ ತಳ್ಳಿದ. "ನಿಮ್ಮ ಮಂದಿ ರಕ್ತದಾಗೇ ಸಕ್ಕರೆ ಕಾಯಿಲೆ ಐತಂತೆ. ನನ್ನ ಮನಿಗೆ ಬ್ಯಾಡ."

ಎದುರಿಗೆ ಹರಿಗೋಲು ನಡೆಸುವವನು, ಅವನ ಪಕ್ಕ ಮಗಳು. ಈ ಹುಡುಗಿಯೇ ಬೇಕೆಂದು ವರ್ಷವಿಡೀ ಹಟ ಹಿಡಿದಿದ್ದ ಶ್ರೀಮಂತನ ಮಗ ಗೋಡೆ ನೋಡುತ್ತ ನಿಂತ. ಯಾವ ಊರಿನ ಶ್ರೀಮಂತ ಅಂತ ಕೇಳಬೇಡಿ. ಹೆಸರು ಹೇಳಿದರೆ ನೀವು ಅವನನ್ನು ಹುಡುಕುತ್ತೀರಿ, ನಿಮ್ಮನ್ನು ಹುಡುಕಿಕೊಳ್ಳುವುದಿಲ್ಲ.

ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಳು. ಆ ಮಾತು ಹುಟ್ಟಿದ್ದೇ ಅವಳ ಬಾಯಲ್ಲಿ. ಅವಳು ಪಟ್ಟಣದಲ್ಲಿ ಒಂದು ದೊಡ್ಡ ತರಬೇತಿಯಲ್ಲಿದ್ದಳು. ಎಂಥ ತರಬೇತಿ? ನಮ್ಮೆಲ್ಲರ ರಕ್ತದಲ್ಲಿ ಲಕ್ಷಾಂತರ ಗುರುತುಗಳಿವೆಯಂತೆ, ನೋಡಿ. ರೋಗಿಗಳಲ್ಲಿ ಹೆಚ್ಚು, ಆರೋಗ್ಯವಂತರಲ್ಲಿ ಕಡಿಮೆ ಇರುವ ಗುರುತು ಯಾವುದೆಂದು ಲೆಕ್ಕ ಹಾಕಿ ಹುಡುಕುವ ವಿದ್ಯೆ ಅದು. ರೋಗಿಗಳ ರಕ್ತವನ್ನು ಹೊಳೆಯಾಚೆ, ಹರಿಗೋಲಿನವರು ವಾಸವಿರುವ ದಡದ ಆಸ್ಪತ್ರೆಯಲ್ಲಿ ತೆಗೆದುಕೊಂಡಳು. ಆರೋಗ್ಯವಂತರ ರಕ್ತವನ್ನು ಈಚೆ ದಡದಲ್ಲಿ, ಶ್ರೀಮಂತ ಬಿಟ್ಟುಕೊಟ್ಟ ಕಲ್ಯಾಣಮಂಟಪದಲ್ಲಿ. ಲೆಕ್ಕ ಹಾಕಿದಾಗ ಕಂಪ್ಯೂಟರಿನ ಪರದೆಯ ಮೇಲೆ ಚುಕ್ಕಿಗಳು ಒಂದು ಕಡೆ ಗೋಪುರದಂತೆ ಎದ್ದು ನಿಂತವು. ಸಿಕ್ಕಿತು! ಸಂಭ್ರಮ ತಡೆಯದೆ ಶ್ರೀಮಂತನಿಗೆ ತೋರಿಸಿದಳು. ಅವನು ಚುಕ್ಕಿಗಳನ್ನು ನೋಡಲಿಲ್ಲ. ದಡ ನೋಡಿದ.

ಮರುವಾರ ಅವಳು ಅದೇ ಚಿತ್ರವನ್ನು ತರಬೇತಿಯ ಗುರುಗಳ ಮುಂದಿಟ್ಟಳು. ಅವರು ಕನ್ನಡಕ ಒರೆಸಿಕೊಂಡರು. "ಚೆನ್ನಾಗಿದೆಯಮ್ಮಾ. ಈಗ ರೋಗ ಮರೆತುಬಿಡು. ಇದೇ ರಕ್ತದಲ್ಲಿ ಹರಿಗೋಲು ನಡೆಸೋ ಗುರುತು ಹುಡುಕು."

"ಹರಿಗೋಲಾ, ಸರ್?"

"ರಕ್ತ ಕೊಟ್ಟವರ ಅರ್ಜಿಯಲ್ಲಿ ಕಸುಬು ಬರೆಸಿದ್ದೀಯಲ್ಲ. ಹುಡುಕು."

ಅವಳಿಗೆ ನಗು ಬಂತು. ಆದರೂ ಹುಡುಕಿದಳು. ಏನಾಯಿತು ಹೇಳಿ? ಅದೇ ಜಾಗದಲ್ಲಿ ಅದೇ ಗೋಪುರ! ಹರಿಗೋಲು ನಡೆಸುವುದೂ ರಕ್ತದಲ್ಲಿ ಬರುವ ಕಾಯಿಲೆಯೇ? ಅವಳ ನಗು ನಿಂತಿತು. ಗೋಪುರ ತೋರಿಸಿದ್ದು ರೋಗವನ್ನಲ್ಲ, ಎರಡು ದಡಗಳ ನಡುವಿನ ಹೊಳೆಯನ್ನು. ತಲೆಮಾರುಗಳಿಂದ ಬೇರೆಬೇರೆಯಾಗಿ ಬಾಳಿದ ಜನರಲ್ಲಿ ಸಣ್ಣಪುಟ್ಟ ಗುರುತುಗಳೂ ಬೇರೆಯಾಗಿರುತ್ತವೆ. ಅಷ್ಟೇ. ಅಷ್ಟಕ್ಕೇ ಒಂದು ಮದುವೆ ಮುರಿದಿತ್ತು.

ಹಾಗಾದರೆ ಈಚೆ ದಡದಲ್ಲಿ ರೋಗಿಗಳೇ ಇರಲಿಲ್ಲವೇ? ಈ ಪ್ರಶ್ನೆ ಅವಳನ್ನು ಬಿಡಲಿಲ್ಲ. ಊರಿಗೆ ಬಂದು ಮನೆಮನೆ ಬಾಗಿಲು ತಟ್ಟಿದಳು. ಇದ್ದರು. ಪಟ್ಟಣದ ಡಾಕ್ಟರರ ಹತ್ತಿರ ಗುಟ್ಟಾಗಿ ತೋರಿಸಿಕೊಳ್ಳುತ್ತಿದ್ದರು, ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಶ್ರೀಮಂತನ ಮನೆಗೂ ಹೋದಳು. ಅವನು, "ನಮ್ಮನ್ಯಾಗ ಯಾರಿಗೂ ಇಲ್ಲ" ಅನ್ನುತ್ತಿರುವಾಗಲೇ ಅವನ ಹೆಂಡತಿ ಅಕ್ಕಿ ಡಬ್ಬದೊಳಗಿಂದ ಮಾತ್ರೆಯ ಪೊಟ್ಟಣ ತೆಗೆದು ಮುಂದಿಟ್ಟಳು.

"ಬರ್ಕೋ ತಂಗಿ. ಏಳು ವರ್ಸ ಆತು. ಹೋಳಿಗೆ ಮಾತ್ರ ಬಿಟ್ಟಿಲ್ಲ."

ಈ ಸಲ ಎರಡೂ ದಡದಲ್ಲಿ ಮತ್ತೆ ರಕ್ತ ತೆಗೆದು, ಆಚೆಯ ರೋಗಿಗಳನ್ನು ಆಚೆಯ ಆರೋಗ್ಯವಂತರ ಜೊತೆ, ಈಚೆಯವರನ್ನು ಈಚೆಯವರ ಜೊತೆ ಹೋಲಿಸಿದಳು. ಗೋಪುರ ಮಾಯ! "ಇಂಥ ಕಾಯಿಲೆಗೆ ಒಂದೇ ಗುರುತು ಇರಲ್ಲಮ್ಮ," ಅಂದರು ಗುರುಗಳು. "ನೂರಾರು ಇರ್ತವೆ. ಒಂದೊಂದರ ಪಾಲೂ ಚಿಟಿಕೆಯಷ್ಟು. ಉಳಿದದ್ದು ಊಟ, ನಡಿಗೆ, ಚಿಂತೆ."

ಸ್ವಲ್ಪ ತಡೆಯಿರಿ, ಕಥೆ ಮುಗಿದಿಲ್ಲ. ನಿಮ್ಮನ್ನೊಂದು ಕೇಳುತ್ತೇನೆ. ಮನೆ ಬಾಡಿಗೆಗೆ ಕೊಡುವಾಗ, ಹೆಣ್ಣು ನೋಡುವಾಗ, ಮಗನ ಗೆಳೆಯ ಒಳಗೆ ಬಂದಾಗ, "ಆ ಮಂದಿಯೇ ಹಾಗೆ" ಅಂದಿಲ್ಲವೇ? ಅಂದಿದ್ದೀರಿ. ನಾನೂ ಅಂದಿದ್ದೇನೆ. ನಾಳೆ ಬೆಳಿಗ್ಗೆಯಿಂದ ಆ ಮಾತು ನಾಲಿಗೆಗೆ ಬಂದಾಗ ತಡೆದು ಕೇಳಿಕೊಳ್ಳಿ: ಯಾರನ್ನು ಯಾರ ಜೊತೆ ಹೋಲಿಸಿದೆ? ನನ್ನ ದಡದ ರೋಗಿಗಳನ್ನು ಎಣಿಸಿದೆನೇ? ನನ್ನ ಅಕ್ಕಿ ಡಬ್ಬದಲ್ಲಿ ಏನಿದೆ? ಮೊದಲು ಆ ಡಬ್ಬ ತೆಗೆಯಿರಿ. ಆಮೇಲೆ ಬಾಯಿ. ಇನ್ನೊಂದು ಮಾತಿದೆ, ಅದು ಲೆಕ್ಕಕ್ಕಿಂತ ದೊಡ್ಡದು. ಅದನ್ನು ಹರಿಗೋಲಿನವನ ಮಗಳೇ ಹೇಳಲಿ.

ತರಬೇತಿಯವಳು ಹೊಸ ಕಾಗದ ಹಿಡಿದು ಶ್ರೀಮಂತನಿಗೆ ಎಲ್ಲ ಬಿಡಿಸಿ ಹೇಳಿದಳು. ಅವನು ತಲೆ ತಗ್ಗಿಸಿದ, ಒಪ್ಪಿದ. ಅದೇ ತಟ್ಟೆಗೆ ಹೊಸ ಸೀರೆ ಇಟ್ಟು, ಮಗನನ್ನೂ ಅವಳನ್ನೂ ಕರೆದುಕೊಂಡು, ಹರಿಗೋಲು ಹತ್ತಿ ಹೊಳೆ ದಾಟಿದ. ತನ್ನಿಂದ ಮುರಿದದ್ದು ಇವತ್ತು ಕೂಡುತ್ತದೆ ಎಂದು ದಾರಿಯುದ್ದಕ್ಕೂ ಅವಳ ಎದೆ ಹಗುರವಾಗಿತ್ತು.

ಹುಡುಗಿ ಅಂಗಳದಲ್ಲಿ ಬಲೆ ಒಣಹಾಕುತ್ತಿದ್ದಳು. ಶ್ರೀಮಂತ ಎರಡೂ ಕೈಯಲ್ಲಿ ತಟ್ಟೆ ಚಾಚಿದ. "ಲೆಕ್ಕ ತಪ್ಪಾಗಿತ್ತವ್ವಾ. ನಿಮ್ಮ ರಕ್ತದಾಗ ಏನೂ ದೋಷ ಇಲ್ಲಂತೆ. ತಗೋ."

ಅವಳು ತರಬೇತಿಯವಳ ಕಡೆ ನೋಡಿದಳು. "ಅಕ್ಕಾ, ಲೆಕ್ಕ ಸರಿ ಮಾಡಿದ್ದು ಚಲೋ ಆತು." ಆಮೇಲೆ ಶ್ರೀಮಂತನ ಕಡೆ, ಅವನ ಹಿಂದೆ ನೆಲ ನೋಡುತ್ತ ನಿಂತ ಮಗನ ಕಡೆ ತಿರುಗಿದಳು. "ಸಾವ್ಕಾರ್ರೇ, ಆ ಲೆಕ್ಕ ನಿಜಾನೇ ಆಗಿದ್ರೆ ಬರ್ತಿದ್ರಾ?"

ಶ್ರೀಮಂತ ಚಾಚಿದ ತಟ್ಟೆಯನ್ನು ಮೆಲ್ಲಗೆ ಕೆಳಗಿಳಿಸಿದ.

"ನನಗೆ ಬ್ಯಾಡ," ಅಂದಳು.