ಮಂಚದ ಮೇಜಿಗೊಂದು ಲ್ಯಾಪ್‌ಟಾಪ್

ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ದರ್ಜಿಯ ಕಣ್ಣು ಪಕ್ಕದ ಹೆಂಗಸಿನ ಮಡಿಲಿಗೆ ಹೋಯಿತು. ಅಲ್ಲಿ, ಮಂಚದಲ್ಲೇ ಊಟ ಮಾಡುವವರಿಗೆ ಇಡುವ ಗಿಡ್ಡ ಕಾಲಿನ ಮೇಜಿತ್ತು. ಅವಳ ತಮ್ಮ ಫೋನಿನಲ್ಲಿ ಲ್ಯಾಪ್‌ಟಾಪುಗಳ ಚಿತ್ರ ಸರಿಸುತ್ತಿದ್ದ.

“ಅಂಗಡಿಯವನು ನಕ್ಕರೆ ನಗಲಿ. ಈ ಮೇಜಿನ ಮೇಲೆ ನಿಲ್ಲಿಸಿ ನೋಡದೆ ನಾನು ತಗೊಳ್ಳಲ್ಲ.”

“ಅಕ್ಕಾ, ಇದು ನೋಡು. ಕೀಬೋರ್ಡಿಗೆಲ್ಲ ಬಣ್ಣದ ಲೈಟು. ಎಂಥ ಗೇಮ್ ಆದ್ರೂ ಓಡುತ್ತೆ.”

“ಸ್ಕ್ರೀನ್ ಪೂರ್ತಿ ಹಿಂದಕ್ಕೆ ಮಡಚುತ್ತಾ?”

“ಇಲ್ಲ.”

“ಮುಟ್ಟಿದ್ರೆ ಕೆಲಸ ಮಾಡುತ್ತಾ?”

“ಅದೂ ಇಲ್ಲ. ಆದ್ರೆ...”

“ಆದ್ರೆ ಗೀದ್ರೆ ಬೇಡ. ಅಪ್ಪನ ಬಲಗೈ ಇನ್ನೂ ಏಳ್ತಿಲ್ಲ. ಡೇರೆ ಥರ ನಿಲ್ಲಿಸಿದ್ರೆ ಎಡಗೈಲಿ ಮುಟ್ಟಿ ಆಡ್ತಾರೆ.”

“ಹಾಗಾದ್ರೆ ಈ ಇನ್ನೊಂದು ನೋಡು. ನಮ್ಮ ಕೈಗೆ ಎಟಕೋ ಬೆಲೆಗೆ ಹಾಗೆ ಮಡಚೋದು ಇದೊಂದೇ. ದೊಡ್ಡ ಗೇಮ್ ಹಾಕಿದ್ರೆ ಏದುಸಿರು ಬಿಡುತ್ತೆ.”

“ಅಪ್ಪ ಯುದ್ಧ ಮಾಡಲ್ಲ ಕಣೋ, ಲಾರಿ ಓಡಿಸ್ತಾರೆ. ಆ ಲಾರಿ ಆಟ ಓಡುತ್ತಾ, ಅಷ್ಟು ಹೇಳು.”

“ನಿಧಾನಕ್ಕೆ ಓಡುತ್ತೆ.”

“ಮೂವತ್ತು ವರ್ಷ ಲೋಡ್ ಹೇರ್ಕೊಂಡು ನಿಧಾನಕ್ಕೇ ಓಡಿಸಿದೋರು. ಸಾಕು ಬಿಡು.”

“ಅಪ್ಪನೇ ಬೇಕು ಅಂದ್ರಾ?”

“ಮಾತೆಲ್ಲಿ ಬರುತ್ತೆ? ನಿನ್ನೆ ನನ್ನ ಫೋನಲ್ಲಿ ಆ ಆಟ ತೋರಿಸ್ದೆ. ಅಷ್ಟು ಚಿಕ್ಕದರಲ್ಲಿ ರಸ್ತೆ ಕಾಣಲಿಲ್ಲ ಅವರಿಗೆ. ಆದ್ರೆ ಹಾರ್ನ್ ಸಿಕ್ತು ನೋಡು, ಒತ್ತಿದ ಬೆರಳು ತೆಗೀಲೇ ಇಲ್ಲ.”

ತಮ್ಮ ಫೋನನ್ನು ಜೇಬಿಗಿಟ್ಟ. ಬಸ್ಸು ಬಂತು.

“ಆ ಮೇಜು ಇಲ್ಲಿ ಕೊಡಕ್ಕಾ, ನಾನು ಹಿಡ್ಕೋತೀನಿ.”

ಇಬ್ಬರೂ ಹತ್ತಿದರು. ಅದು ತಾನು ಹತ್ತಬೇಕಾದ ಬಸ್ಸೆಂದು ದರ್ಜಿಗೆ ನೆನಪಾಗುವಷ್ಟರಲ್ಲಿ ಅದು ತಿರುವು ದಾಟಿ, ಉದ್ದಕ್ಕೆ ಹಾರ್ನ್ ಹೊಡೆಯಿತು.