ಕಾಲಿರುವ ಹಡಗು

ಹೊನ್ನಾವರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಯುವಕ ಮತ್ತು ಅವನ ಸೋದರಮಾವ ಕೂತಿದ್ದರು. ಯುವಕ ವೆಲ್ಡರ್. ಹೊರದೇಶದ ಸಮುದ್ರದಲ್ಲಿ ವಿದ್ಯುತ್ ತಯಾರಿಸುವ ಗಾಳಿಯಂತ್ರ ನೆಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಎರಡು ಹಡಗುಗಳಲ್ಲಿ ಯಾವುದಕ್ಕೆ ಹೋಗುತ್ತಾನೆಂದು ಸಂಜೆಯೊಳಗೆ ಹೇಳಬೇಕಿತ್ತು.

“ತೇಲೋ ಹಡಗಿಗಾದ್ರೆ ಈ ವಾರವೇ ಕರೀತಾರೆ, ಮಾವ. ಕಾಲಿರೋದಕ್ಕಾದ್ರೆ ಎರಡು ತಿಂಗಳು ಕಾಯ್ಬೇಕು.”

“ಹಡಗಿಗೆ ಎಂತಾ ಕಾಲು ಮಾರಾಯ?”

“ಕಾಲನ್ನ ಸಮುದ್ರದ ತಳಕ್ಕೆ ಊರಿ, ಮೈಯನ್ನ ನೀರಿಂದ ಮೇಲೆ ಎತ್ಕಂತದೆ. ಅಲೆ ಅಡಿಯಲ್ಲೇ ಹೋಗ್ತದೆ. ಅಲ್ಲಾಡೂದೇ ಇಲ್ಲ.”

“ಹಂಗಾರೆ ಅದು ಹಡಗಲ್ಲ, ನಿಂಗೇ ಅಂತ ಕಟ್ಟಿದ ಅಟ್ಟ.”

“ನಗಾಡ್ಬೇಡಿ. ಬೋಟಲ್ಲಿ ವಾಂತಿ ಮಾಡ್ಕಂಡು ಬಿದ್ದವನನ್ನ ದಡಕ್ಕೆ ತಂದು ವೆಲ್ಡಿಂಗ್ ಕಲೀಲಿಕ್ಕೆ ಹಾಕಿದ್ದು ನೀವೇ ಅಲ್ದಾ? ಇಲ್ದಿದ್ರೆ ನಂಗೆ ಈ ಕೆಲಸ ಎಲ್ಲಿತ್ತು?”

“ಆತು, ಕಾಲಿರೋದನ್ನೇ ಹಿಡಿ. ಮತ್ತೆ ಎಂತ ಯೋಚನೆ?”

“ಅಪ್ಪ. ಮೀನುಗಾರನ ಮಗ ಅಲೆಗೆ ಹೆದರಿ ಎರಡು ತಿಂಗಳು ಮನೇಲಿ ಕೂತ ಅಂತಾರೆ.”

“ನಿನ್ನ ಅಪ್ಪನಾ? ಮಳೆಗಾಲ ಕಳ್ದು ಬೋಟು ಕಡಲಿಗೆ ಇಳಿದ ಮೊದಲ ದಿನ, ಇವತ್ತಿಗೂ ಅವರ ಬೆನ್ನು ತಿಕ್ಕೂದು ಯಾರು ಅಂದ್ಕಂಡೆ?”

“ಅಪ್ಪಂಗೂ ವಾಂತಿಯಾ?”

“ಯಾರಿಗೂ ಹೇಳೂದಿಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ಅವರ ಮುಂದೆ ಬಾಯಿ ಬಿಡ್ಬೇಡ. ಫೋನ್ ಮಾಡು.”

ಯುವಕ ಫೋನು ತೆಗೆದ. “ಸರ್, ಕಾಲಿರೋ ಹಡಗಿಗೇ ಬರ್ತೇನೆ. ಎರಡು ತಿಂಗಳು ಕಾಯ್ತೇನೆ.”

ಅಷ್ಟರಲ್ಲಿ ಭಟ್ಕಳದ ಬಸ್ಸು ಬಂತು. ಯುವಕ ಮಾವನಿಗೆ ಕಿಟಕಿ ಪಕ್ಕದ ಸೀಟು ಹಿಡಿಯಲು ಎಲ್ಲರಿಗಿಂತ ಮೊದಲು ಓಡಿದ.